ಎರಡನೇ ದೊಡ್ಡ ಊರು ಮೈಸೂರೋ, ಹುಬ್ಬಳ್ಳಿ-ಧಾರವಾಡವೋ?

ಬೆಂಗಳೂರು ಬಿಟ್ಟರೆ ಕರ್ನಾಟಕದ ದೊಡ್ಡ ಊರು ಯಾವುದು ಅಂತ ಮೈಸೂರಿನವರೂ ಹುಬ್ಬಳ್ಳಿಯವರೂ ಇರುವ ಕಡೆ ಒಮ್ಮೆ ಕೇಳಿ ನೋಡಿ. ಅವತ್ತಿನ ಬೇರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಮೈಸೂರಿನವರು 9,90,900 ಅನ್ನುತ್ತಾರೆ. ಹುಬ್ಬಳ್ಳಿಯವರು ನಮ್ಮದು 9,43,788, ನಿಮ್ಮದು ಬರೀ 8,93,062 ಅಲ್ವಾ ಅನ್ನುತ್ತಾರೆ. ಮೂರೂ 2011ರ ಜನಗಣತಿಯ ಅಂಕಿಗಳೇ. ಯಾರೂ ಸುಳ್ಳು ಹೇಳುತ್ತಿಲ್ಲ. ಅದಕ್ಕೇ ಈ ಜಗಳ ಮುಗಿಯುವುದೂ ಇಲ್ಲ.

ನನ್ನ ಮಟ್ಟಿಗೆ ಇದು ಜನರ ಲೆಕ್ಕದ ಜಗಳವೇ ಅಲ್ಲ, ಗೆರೆಯ ಜಗಳ. ಊರು ಎಲ್ಲಿ ಮುಗಿಯುತ್ತದೆ ಅಂತ ಗೆರೆ ಎಳೆದವರು ಯಾರೋ, ಗೆದ್ದವರೂ ಅವರೇ.

ಮೈಸೂರನ್ನೇ ತೆಗೆದುಕೊಳ್ಳಿ. 2011ರಲ್ಲಿ ಆ ಊರಿಗೆ ಒಂದಲ್ಲ, ಮೂರು ಜನಸಂಖ್ಯೆ ಇತ್ತು. ಮಹಾನಗರ ಪಾಲಿಕೆಯ ಗಡಿಯೊಳಗೆ 8,93,062. ಗಡಿಗೆ ಅಂಟಿಕೊಂಡು ಬೆಳೆದ, ನೋಡಲು ಊರಿನಂತೆಯೇ ಇರುವ ಆದರೆ ಕಾಗದದಲ್ಲಿ ಇನ್ನೂ ಹಳ್ಳಿಯ ಭಾಗವಾಗಿರುವ ಜಾಗಗಳಿಗೆ ಜನಗಣತಿಯವರು ಔಟ್‌ಗ್ರೋತ್ ಅನ್ನುತ್ತಾರೆ. ಅವನ್ನು ಸೇರಿಸಿದರೆ 9,20,550. ಸುತ್ತಲಿನ ಪಟ್ಟಣಗಳನ್ನೂ ಕೂಡಿಸಿ, ಒಂದಕ್ಕೊಂದು ಕೂಡಿಕೊಂಡಿರುವ ಇಡೀ ನಗರ ಪ್ರದೇಶವನ್ನು ಅರ್ಬನ್ ಅಗ್ಲೋಮರೇಷನ್ ಅಂತ ಎಣಿಸಿದರೆ 9,90,900. ಮೊದಲ ಎರಡು ಲೆಕ್ಕದಲ್ಲಿ ಹುಬ್ಬಳ್ಳಿ-ಧಾರವಾಡ ಮುಂದೆ. ಮೂರನೆಯದರಲ್ಲಿ ಮೈಸೂರು ಮುಂದೆ.

ಹುಬ್ಬಳ್ಳಿ-ಧಾರವಾಡಕ್ಕೆ ಈ ತಾಪತ್ರಯ ಇಲ್ಲ. ಅಲ್ಲಿ ಪಾಲಿಕೆ ಗಡಿಯ ಹೊರಗೆ ಸೇರಿಸಲು ಏನೂ ಉಳಿದಿರಲಿಲ್ಲ, ಯಾಕೆಂದರೆ ಗಡಿಯೇ ಅಷ್ಟು ದೊಡ್ಡದು. ಸುಮಾರು 20 ಕಿಲೋಮೀಟರ್ ದೂರದ ಎರಡು ಊರುಗಳನ್ನು 1962ರಲ್ಲಿ ಒಂದೇ ಪಾಲಿಕೆ ಮಾಡಿದರು. ಉಣಕಲ್, ಅಮರಗೋಳ, ರಾಯಾಪುರ, ನವಲೂರು ಎಲ್ಲ ಒಳಗೆ ಬಂದವು. ನವಲೂರು ಅಂದರೆ ಪೇರಲ ಹಣ್ಣಿಗೆ ಹೆಸರಾದ ಊರು. ಅಂದರೆ ರಾಜ್ಯದ ಎರಡನೇ ದೊಡ್ಡ ನಗರದ ಹೊಟ್ಟೆಯೊಳಗೆ ಪೇರಲ ತೋಟಗಳೂ ಇವೆ. ಮೈಸೂರಿನಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಹೂಟಗಳ್ಳಿ, ಬೋಗಾದಿ ಕಡೆ ಸಾಲು ಸಾಲು ಮನೆ ಎದ್ದವು, ಅಲ್ಲಿಯವರು ಯಾವ ಊರು ಅಂದರೆ ಮೈಸೂರು ಅಂತಲೇ ಹೇಳುತ್ತಾರೆ, ಆದರೆ 2011ರ ಪಾಲಿಕೆಯ ಲೆಕ್ಕಕ್ಕೆ ಮಾತ್ರ ಅವರು ಹೊರಗಿನವರು.

ಬರೀ ಪ್ರತಿಷ್ಠೆಯ ಮಾತಾಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಇಲ್ಲಿ ದುಡ್ಡೂ ಇದೆ. ಆ 9,90,900ನ್ನು ಇನ್ನೊಮ್ಮೆ ನೋಡಿ. ಹತ್ತು ಲಕ್ಷಕ್ಕೆ ಕಡಿಮೆ ಬಿದ್ದದ್ದು 9,100 ಜನ, ಅಷ್ಟೇ. 2011ರಲ್ಲಿ ದೇಶದಲ್ಲಿ ಹತ್ತು ಲಕ್ಷ ದಾಟಿದ ನಗರ ಪ್ರದೇಶಗಳು 53. ಕರ್ನಾಟಕದಿಂದ ಬೆಂಗಳೂರು ಒಂದೇ. ಮುಂದೆ 15ನೇ ಹಣಕಾಸು ಆಯೋಗ ಹತ್ತು ಲಕ್ಷ ಮೀರಿದ ನಗರಗಳಿಗೆ ಅಂತಲೇ ಗಾಳಿ, ನೀರು, ಕಸದ ಕೆಲಸಕ್ಕೆ ಬೇರೆ ಅನುದಾನ ಇಟ್ಟಿತು. ಆಧಾರ ಅದೇ 2011ರ ಅಂಕಿ. ಮೈಸೂರು ಬಾಗಿಲಲ್ಲೇ ನಿಂತಿತು. ಹುಬ್ಬಳ್ಳಿ-ಧಾರವಾಡವೂ ಹೊರಗೇ. ಇಬ್ಬರೂ ಎರಡನೇ ಸ್ಥಾನಕ್ಕೆ ಕಿತ್ತಾಡುತ್ತಿದ್ದಾಗ ಇಬ್ಬರೂ ಸೇರಬೇಕಿದ್ದ ಪಟ್ಟಿ ಬೇರೆಯೇ ಆಗಿತ್ತು ಅನ್ನುವುದು ನನಗೆ ಈ ಕತೆಯಲ್ಲಿ ಅತಿ ಬೇಸರದ ಭಾಗ.

ಗೆರೆ ಬದಲಾದರೆ ಸಾಲು ಹೇಗೆ ಬದಲಾಗುತ್ತದೆ ಅನ್ನುವುದಕ್ಕೆ ಇನ್ನೊಂದು ಜೋಡಿ ಮಂಗಳೂರು, ಬೆಳಗಾವಿ. 2011ರಲ್ಲಿ ಎರಡೂ ಪಾಲಿಕೆಗಳಲ್ಲಿ 4.88 ಲಕ್ಷ ಜನ. ವ್ಯತ್ಯಾಸ ಒಂದು ಸಾವಿರವೂ ಇಲ್ಲ. ಸುತ್ತಲಿನ ಪ್ರದೇಶ ಸೇರಿಸಿದರೆ ಮಂಗಳೂರು 6.2 ಲಕ್ಷ, ಬೆಳಗಾವಿ 6.1 ಲಕ್ಷ. ಈಗ ಕಲಬುರಗಿಯನ್ನು ನೋಡಿ. ಪಾಲಿಕೆಯ ಲೆಕ್ಕದಲ್ಲಿ ಅದಕ್ಕೆ 5.33 ಲಕ್ಷ, ಎರಡಕ್ಕಿಂತಲೂ ದೊಡ್ಡದು. ಇಡೀ ನಗರ ಪ್ರದೇಶದ ಲೆಕ್ಕ ಹಿಡಿದರೆ 5.43 ಲಕ್ಷ, ಎರಡಕ್ಕಿಂತಲೂ ಚಿಕ್ಕದು. ಒಬ್ಬ ಮನುಷ್ಯನೂ ಮನೆ ಬದಲಿಸದೆ ಕಲಬುರಗಿ ನಾಲ್ಕನೇ ಸ್ಥಾನದಿಂದ ಆರಕ್ಕೆ ಇಳಿಯಿತು!

ಬೆಳಗಾವಿಯಲ್ಲಿರುವ ಕೇಂದ್ರ ಸರ್ಕಾರಿ ನೌಕರರಿಗೆ ಈ ವಿಷಯ ಚೆನ್ನಾಗಿ ಗೊತ್ತಿರಬೇಕು. ಮನೆ ಬಾಡಿಗೆ ಭತ್ಯೆಗೆ ಊರುಗಳನ್ನು ಎಕ್ಸ್, ವೈ, ಝಡ್ ಅಂತ ವಿಂಗಡಿಸುತ್ತಾರೆ. ವೈ ದರ್ಜೆಗೆ 5 ಲಕ್ಷ ಜನ ಬೇಕು. ಪಾಲಿಕೆಯನ್ನಷ್ಟೇ ನೋಡಿದ್ದರೆ ಬೆಳಗಾವಿಯೂ ಮಂಗಳೂರೂ ಝಡ್‌ಗೆ ಬೀಳುತ್ತಿದ್ದವು. ಅಲ್ಲಿ ನಗರ ಪ್ರದೇಶದ ಅಂಕಿ ಹಿಡಿದದ್ದರಿಂದ ಎರಡೂ ಬಚಾವಾದವು.

ಇನ್ನು ಒಂದು ಸಾವಿರದೊಳಗಿನ ವ್ಯತ್ಯಾಸ ಹಿಡಿದು ನಾವೇ ಮುಂದೆ ಅನ್ನುವವರಿಗೆ ಒಂದು ಮಾತು. ಗಣತಿ ಮುಗಿದ ಮೇಲೆ ಸರ್ಕಾರವೇ ಕೆಲವು ಕಡೆ ಮತ್ತೆ ಹೋಗಿ ಯಾರು ಬಿಟ್ಟುಹೋದರು ಅಂತ ತಾಳೆ ನೋಡುತ್ತದೆ. 2011ರಲ್ಲಿ ದೇಶದಾದ್ಯಂತ ಸಾವಿರಕ್ಕೆ ಸುಮಾರು 23 ಜನ ಬಿಟ್ಟುಹೋಗಿದ್ದರು. ಅದೇ ಪ್ರಮಾಣ ಹಿಡಿದರೆ ಐದು ಲಕ್ಷದ ಊರಿನಲ್ಲಿ ಹನ್ನೊಂದು ಸಾವಿರಕ್ಕೂ ಜಾಸ್ತಿ. ಎಂಟುನೂರು, ಒಂಬೈನೂರರ ಮುನ್ನಡೆಗೆ ಪಟಾಕಿ ಹೊಡೆಯುವುದರಲ್ಲಿ ಅರ್ಥ ಇಲ್ಲ.

ಬಿಟ್ಟುಹೋಗುವುದು ಹೇಗೆ ಅಂತ ಆಶ್ಚರ್ಯ ಬೇಡ. ಒಬ್ಬ ಗಣತಿದಾರರಿಗೆ ಒಂದು ಬ್ಲಾಕ್, ಅಂದರೆ ಆರುನೂರರಿಂದ ಎಂಟುನೂರು ಜನ. ಸಾಮಾನ್ಯವಾಗಿ ಅವರು ಸರ್ಕಾರಿ ಶಾಲೆಯ ಮೇಷ್ಟ್ರು ಅಥವಾ ಟೀಚರ್. ಕೈಯಲ್ಲೇ ಬರೆದ ನಕ್ಷೆ, ಬಾಗಿಲ ಪಕ್ಕ ಬರೆದ ಮನೆ ನಂಬರು, ಬಿಸಿಲು. ಮನೆ ಹಿಂದೆ ಇನ್ನೊಂದು ಬಾಡಿಗೆ ಕೋಣೆ ಇದೆ, ಅದರಲ್ಲಿ ಮೂವರು ಹುಡುಗರಿದ್ದಾರೆ, ಬೆಳಿಗ್ಗೆ ಬೀಗ ಹಾಕಿಕೊಂಡು ಹೋದರೆ ರಾತ್ರಿ ಹತ್ತಕ್ಕೆ ಬರುತ್ತಾರೆ. ಮನೆ ಮಾಲೀಕರು ಅವರ ಸುದ್ದಿಯನ್ನೇ ಎತ್ತುವುದಿಲ್ಲ. ಹಾಸ್ಟೆಲಿನಲ್ಲಿದ್ದವರನ್ನು ಹಾಸ್ಟೆಲಿನಲ್ಲೇ ಎಣಿಸಬೇಕು, ಆದ್ದರಿಂದ ಧಾರವಾಡದಂಥ ವಿದ್ಯಾರ್ಥಿಗಳ ಊರಿಗೆ ಅದು ಲಾಭ. ಆದರೆ ಊರಲ್ಲಿರುವ ಅಪ್ಪ ಅಮ್ಮ ಮಗನ ಹೆಸರನ್ನೂ ಅಲ್ಲೇ ಬರೆಸಿಬಿಟ್ಟರೆ?

ಬೇಕೆಂದೇ ಜಾಸ್ತಿ ಎಣಿಸಿದ ಕತೆಯೂ ಇದೆ, ಅದೂ ಅವಳಿ ನಗರಗಳದ್ದೇ. ಅಮೆರಿಕದ ಮಿನ್ನಿಯಾಪೊಲಿಸ್ ಮತ್ತು ಸೇಂಟ್ ಪಾಲ್. 1880ರಲ್ಲಿ ಒಂದಕ್ಕೆ 46,887, ಇನ್ನೊಂದಕ್ಕೆ 41,473. ಹತ್ತು ವರ್ಷದಲ್ಲಿ ಎರಡೂ ಹುಚ್ಚಾಪಟ್ಟೆ ಬೆಳೆದವು, ಹೊಟ್ಟೆಕಿಚ್ಚೂ ಬೆಳೆಯಿತು. 1890ರ ಗಣತಿಯಲ್ಲಿ ಸೇಂಟ್ ಪಾಲ್ ಕಡೆಯಿಂದ ಅಧಿಕಾರಿ ಬಂದು ಮಿನ್ನಿಯಾಪೊಲಿಸ್‌ನ ಗಣತಿದಾರರನ್ನು ಬಂಧಿಸಿ ಕರೆದುಕೊಂಡು ಹೋದ. ಕಳ್ಳ ಲೆಕ್ಕ ಬರೆಯುತ್ತಿದ್ದಾರೆ ಅನ್ನುವ ಆರೋಪ. ಆರೋಪ ನಿಜವೇ ಆಗಿತ್ತು. ಆದರೆ ಮತ್ತೆ ಎಣಿಸಿದಾಗ ಸೇಂಟ್ ಪಾಲ್‌ನ ರೈಲು ನಿಲ್ದಾಣವನ್ನೇ ಮನೆ ಅಂತ ತೋರಿಸಿ ಇನ್ನೂರಕ್ಕೂ ಹೆಚ್ಚು ಜನರ ಹೆಸರು ಬರೆದಿದ್ದೂ ಹೊರಬಿತ್ತು. ಕೊನೆಗೆ ಮಿನ್ನಿಯಾಪೊಲಿಸ್‌ನಿಂದ 18,229, ಸೇಂಟ್ ಪಾಲ್‌ನಿಂದ 9,425 ಜನ ಕಳೆದರು. ಉಳಿದದ್ದು 1,64,738 ಮತ್ತು 1,33,156. ಇಷ್ಟೆಲ್ಲ ರಂಪ ಮಾಡದೆ ನೆಟ್ಟಗೆ ಎಣಿಸಿದ್ದರೂ ಮಿನ್ನಿಯಾಪೊಲಿಸ್‌ ಗೆಲ್ಲುತ್ತಿತ್ತು.

ಈಗ ನಮ್ಮ ಮುಂದಿನ ಗಣತಿ. 2021ರದ್ದು ನಡೆಯಲೇ ಇಲ್ಲ. ಹೊಸದಕ್ಕೆ 2027ರ ಮಾರ್ಚ್ 1ರ ನಡುರಾತ್ರಿಯನ್ನು ಗೊತ್ತುಮಾಡಿದ್ದಾರೆ. ಗಣತಿಗಾಗಿ ಆಡಳಿತದ ಗಡಿಗಳನ್ನು 2025ರ ಡಿಸೆಂಬರ್ 31ಕ್ಕೆ ಇದ್ದಂತೆ ಹಿಡಿಯಬೇಕು ಅಂತ ಕೇಂದ್ರ ಹೇಳಿತ್ತು. ನನಗೆ ಗಣತಿಯ ದಿನಕ್ಕಿಂತ ಈ ತಾರೀಖೇ ಮುಖ್ಯ ಅನ್ನಿಸುತ್ತದೆ. ಯಾಕೆಂದರೆ 2025ರಲ್ಲಿ ಎರಡೂ ಕಡೆ ಗೆರೆ ಅಳಿಸಿ ಬರೆಯುವ ಮಾತು ಜೋರಾಗಿತ್ತು. ಧಾರವಾಡಕ್ಕೆ ಬೇರೆ ಪಾಲಿಕೆ ಕೊಡಲು 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿತು. ಮೈಸೂರಿನಲ್ಲಿ ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳನ್ನು ಪಾಲಿಕೆಗೆ ಸೇರಿಸಿ ಬೃಹತ್ ಮೈಸೂರು ಮಾಡುವ ಪ್ರಸ್ತಾಪ. ಒಂದು ಕಡೆ ಕೂಡಿದ್ದನ್ನು ಬಿಡಿಸುವುದು, ಇನ್ನೊಂದು ಕಡೆ ಬಿಡಿಯಾಗಿದ್ದನ್ನು ಕೂಡಿಸುವುದು.

ಧಾರವಾಡದವರ ಕೇಳಿಕೆಯಲ್ಲಿ ತಪ್ಪೇನಿಲ್ಲ ಅನ್ನುವುದು ನನ್ನ ಅನಿಸಿಕೆ. ಅನುದಾನ ಎಲ್ಲ ಹುಬ್ಬಳ್ಳಿಗೇ ಹೋಗುತ್ತದೆ ಅನ್ನುವ ದೂರು ಹಳೆಯದು, ನಲ್ಲಿಯಲ್ಲಿ ನೀರು ಬರುವುದು ಮುಖ್ಯವೋ, ಎರಡನೇ ಸ್ಥಾನ ಮುಖ್ಯವೋ? ಆದರೆ ಬೇರೆಯಾಗಿ ಎಣಿಸಿದರೆ ಪಾಲಿಕೆಗಳ ಪಟ್ಟಿಯಲ್ಲಿ ಮೈಸೂರಿಗೆ ಎದುರಾಳಿಯೇ ಇರುವುದಿಲ್ಲ. ಹುಬ್ಬಳ್ಳಿಯವರು ಆಗ ಏನು ಹೇಳುತ್ತಾರೆ ಅಂತ ಈಗಲೇ ಊಹಿಸಬಲ್ಲೆ. ಇಷ್ಟು ದಿನ ಬೇಡ ಅಂದ ನಗರ ಪ್ರದೇಶದ ಲೆಕ್ಕವನ್ನೇ ಹಿಡಿದುಕೊಳ್ಳುತ್ತಾರೆ, ಯಾಕೆಂದರೆ ಪಾಲಿಕೆ ಎರಡಾದರೂ ಒಂದಕ್ಕೊಂದು ಅಂಟಿಕೊಂಡ ಊರುಗಳನ್ನು ಅಲ್ಲಿ ಒಟ್ಟಿಗೇ ಕೂಡಿಸಬಹುದು. ಮೈಸೂರಿನವರು ಆಗ ಪಾಲಿಕೆಯ ಅಂಕಿಯೇ ನಿಜವಾದ ಅಂಕಿ ಅನ್ನುತ್ತಾರೆ.

ಅಲ್ಲಿಯವರೆಗೆ ಅಂತರ್ಜಾಲದಲ್ಲಿ ಈ ವರ್ಷದ ಜನಸಂಖ್ಯೆ ಇಷ್ಟು ಅಂತ ಕೊನೆಯ ಅಂಕಿವರೆಗೂ ಕೊಡುವ ತಾಣಗಳನ್ನು ನಂಬಿ ವಾದಕ್ಕೆ ಇಳಿಯಬೇಡಿ. ಅವರು ಯಾರನ್ನೂ ಎಣಿಸಿಲ್ಲ. 2001ರಿಂದ 2011ಕ್ಕೆ ಹುಬ್ಬಳ್ಳಿ-ಧಾರವಾಡ 7,86,195ರಿಂದ 9,43,788ಕ್ಕೆ ಬಂತು, ಅಂದರೆ ಶೇ 20. ಹೆಚ್ಚಿನ ತಾಣಗಳು ಇಂಥದ್ದೇ ಹಳೆಯ ಬೆಳವಣಿಗೆಯನ್ನು ಮುಂದಕ್ಕೆ ಎಳೆದು ಬರೆಯುತ್ತವೆ. ಮುಂದೆ ಹೊಸ ಪಟ್ಟಿ ಬಂದಾಗ ಊರಿನ ಹೆಸರಿನ ಮುಂದೆ ಬರೆದಿರುವುದು ಪಾಲಿಕೆಯೋ, ಔಟ್‌ಗ್ರೋತ್ ಸೇರಿದ್ದೋ, ಇಡೀ ನಗರ ಪ್ರದೇಶವೋ ಅಂತ ಮೊದಲು ನೋಡಿ, ಆಮೇಲೆ ಜಗಳ ಶುರು ಮಾಡಿ.