ಡಿಸೆಂಬರಿನಲ್ಲಿ ಹೆಲ್ಸಿಂಕಿಗೆ ವ್ಯಾಪಾರಕ್ಕೆ ಹೊರಟಿದ್ದೀರಾ?

ದಾವಣಗೆರೆಯಲ್ಲಿ ನನ್ನದು ಪ್ಯಾಕಿಂಗ್ ಡಬ್ಬಿ ಮಾಡುವ ಸಣ್ಣ ಕಾರ್ಖಾನೆ. ಪೇಪರ್ ಬೋರ್ಡ್ ಖರೀದಿಯ ಮಾತುಕತೆಗೆ ಡಿಸೆಂಬರಿನಲ್ಲಿ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಗೆ ಹೋಗಿ ಬಂದೆ. ಬಂದ ಮೇಲೆ ಎಲ್ಲರೂ ಚಳಿಯ ಬಗ್ಗೆಯೇ ಕೇಳುತ್ತಾರೆ. ಚಳಿಗೆ ಬಟ್ಟೆ ಇದೆ. ನೀವು ಮೊದಲು ತಯಾರಾಗಬೇಕಾದದ್ದು ಕತ್ತಲಿಗೆ.

ಡಿಸೆಂಬರ್ ಮೂರನೇ ವಾರ ಅಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 9.20 ದಾಟಿದ ಮೇಲೆ, ಮುಳುಗುವುದು ಮಧ್ಯಾಹ್ನ 3.15ರ ಹೊತ್ತಿಗೆ. ಹಗಲು ಆರು ಗಂಟೆಯೂ ಇಲ್ಲ. ಅದರಲ್ಲೂ ಮೋಡ ಕವಿದಿದ್ದರೆ ನೆತ್ತಿಯ ಮೇಲೆ ಬಿಸಿಲು ಅನ್ನುವುದನ್ನೇ ಮರೆಯಬೇಕು. ಮೀಟಿಂಗ್‌ನಿಂದ ಹೊರಗೆ ಬಂದರೆ ರಾತ್ರಿ, ಹೋಟೆಲಿಂದ ಹೊರಟಾಗಲೂ ರಾತ್ರಿ. ಎರಡು ದಿನ ಹೀಗೇ ಕಳೆದರೆ ಮನಸ್ಸು ಮಂಕಾಗುತ್ತದೆ. ಅದಕ್ಕೇ ಹೇಳುವುದು, ಮೀಟಿಂಗ್ ಬೆಳಿಗ್ಗೆ ಎಂಟಕ್ಕೆ ಅಥವಾ ಮಧ್ಯಾಹ್ನ ಎರಡರ ಮೇಲೆ ಇಡಿ ಎಂದು ಮೊದಲೇ ಕೇಳಿಕೊಳ್ಳಿ. ನಡುವಿನ ಬೆಳಕು ನಿಮಗೆ ಸಿಗಲಿ. ಅವರಿಗೆ ಬೇಗ ಕೆಲಸ ಶುರುಮಾಡುವುದು ರೂಢಿ, ಬೇಸರಪಡುವುದಿಲ್ಲ.

ಆ ಬೆಳಕಿನಲ್ಲಿ ಏನು ನೋಡುವುದು? ಮಾರುಕಟ್ಟೆ ಚೌಕದಿಂದ ಸುಓಮೆನ್ಲಿನ್ನಾ ದ್ವೀಪದ ಕೋಟೆಗೆ ಫೆರ್ರಿಯಲ್ಲಿ ಹದಿನೈದೇ ನಿಮಿಷ. ಚಳಿಗಾಲದಲ್ಲೂ ಓಡುತ್ತದೆ, ಟ್ರಾಮ್ ಟಿಕೆಟ್ಟೇ ಸಾಕು. ಚಿತ್ರದುರ್ಗದವರಿಗೆ ನಾನು ವಿಶೇಷವಾಗಿ ಹೇಳುವುದು ತೆಂಪೆಲಿಯಾವುಕಿಯೋ ಚರ್ಚ್. ಬಂಡೆಯನ್ನೇ ಕೊರೆದು 1969ರಲ್ಲಿ ಮುಗಿಸಿದ್ದು. ಗೋಡೆಗೆ ಗಾರೆ ಹಚ್ಚಿಲ್ಲ, ಒರಟು ಕಲ್ಲನ್ನು ಹಾಗೇ ಬಿಟ್ಟಿದ್ದಾರೆ. ಮೇಲೆ ತಾಮ್ರದ ಗುಮ್ಮಟ, ಅದರ ಸುತ್ತಲಿನ ಗಾಜಿನಿಂದ ಬೆಳಕು ಇಳಿಯುತ್ತದೆ. ಕಲ್ಲಿನ ಕೋಟೆಯ ಕೆಳಗೆ ಬೆಳೆದವರಿಗೆ ಅಲ್ಲಿ ಕೂತರೆ ಹೊರಡಲು ಮನಸ್ಸಾಗುವುದಿಲ್ಲ. ಕತ್ತಲಾದ ಮೇಲೆ ರೈಲು ನಿಲ್ದಾಣದ ಹತ್ತಿರದ ‘ಓಡಿ’ (Oodi) ಎಂಬ ಗ್ರಂಥಾಲಯಕ್ಕೆ ಹೋಗಿ. 2018ರಲ್ಲಿ ಶುರುವಾದದ್ದು, ಎಲ್ಲರಿಗೂ ಉಚಿತ. ಬೆಚ್ಚಗೆ ಕೂತು ಲ್ಯಾಪ್‌ಟಾಪ್ ಕೆಲಸವನ್ನೂ ಮುಗಿಸಬಹುದು.

ಇನ್ನು ಬಟ್ಟೆ. ಹತ್ತಿಯ ಊರಿನವರಾದರೂ ಮೈಗೆ ತಾಗುವ ಪದರ ಹತ್ತಿಯದು ಬೇಡ. ಬೆವರು ಹೀರಿ ಒದ್ದೆಯಾಗೇ ಉಳಿಯುತ್ತದೆ. ಒಳಗೆ ಉಣ್ಣೆ, ಮೇಲೊಂದು ಫ್ಲೀಸ್ (ಮೆತ್ತನೆಯ ಸಿಂಥೆಟಿಕ್ ಬಟ್ಟೆಯ ಜಾಕೆಟ್), ಹೊರಗೆ ಗಾಳಿ ತಡೆಯುವ ಕೋಟು. ಕಟ್ಟಡದೊಳಗೆ ಚೆನ್ನಾಗಿ ಬಿಸಿ ಇರುತ್ತದೆ, ಸುಲಭವಾಗಿ ಕಳಚುವಂತಿರಲಿ. ದಪ್ಪ ಸಾಕ್ಸಿಗೆ ಜಾಗ ಇರುವ ರಬ್ಬರ್ ತಳದ ಬೂಟು ಬೇಕೇ ಬೇಕು, ಫುಟ್‌ಪಾತ್ ಮಂಜುಗಡ್ಡೆಯಾಗಿ ಜಾರುತ್ತದೆ. ಕೋಟಿಗೆ ಒಂದು ರಿಫ್ಲೆಕ್ಟರ್ ನೇತುಹಾಕಿ. ಕತ್ತಲಲ್ಲಿ ನಡೆಯುವವರು ಅದನ್ನು ಹಾಕಿಕೊಳ್ಳಬೇಕೆಂದು ಅಲ್ಲಿ ಕಾನೂನೇ ಇದೆ.

ಮಾತುಕತೆಯ ರೀತಿಯೂ ಬೇರೆ. ಒಂಬತ್ತು ಎಂದರೆ ಒಂಬತ್ತೇ. ಬೆಲೆ ಹೇಳಿದ ಮೇಲೆ ಅವರು ಸುಮ್ನೆ ಕೂತರೆ ಗಾಬರಿಯಾಗಬೇಡಿ, ಯೋಚಿಸುತ್ತಿರುತ್ತಾರೆ. ಆ ಮೌನ ತುಂಬಲು ಹೋಗಿ ನೀವೇ ರೇಟು ಇಳಿಸುವುದೋ ಏರಿಸುವುದೋ ಮಾಡಬೇಡಿ. ನಮ್ಮ ಕಡೆ ‘ನೋಡೋಣ’ ಅಂತ ತೇಲಿಸುತ್ತೇವಲ್ವಾ, ಅದು ಅಲ್ಲಿ ನಡೆಯುವುದಿಲ್ಲ. ಆಗುತ್ತದೋ ಇಲ್ಲವೋ, ನೇರವಾಗಿ ಹೇಳಿ. ಸೌನಾಕ್ಕೆ, ಅಂದರೆ ಬಟ್ಟೆ ಕಳಚಿ ಕೂರುವ ಬಿಸಿ ಹಬೆಯ ಕೋಣೆಗೆ, ಕರೆದರೆ ಅದು ಗೌರವ, ನಂಬಿಕೆಯ ಗುರುತು. ಮುಜುಗರವಾದರೆ ನಯವಾಗಿ ಬೇಡ ಎನ್ನಬಹುದು, ತಪ್ಪು ತಿಳಿಯುವುದಿಲ್ಲ.

ಊಟಕ್ಕೆ ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ಬೆಣ್ಣೆ, ತುಪ್ಪ, ಪೇಡ ಮಾತ್ರ ಬೇಡ. ಹೊರದೇಶದ ಹಾಲಿನ ಪದಾರ್ಥಗಳನ್ನು ಯುರೋಪಿಯನ್ ಒಕ್ಕೂಟದೊಳಗೆ ಬಿಡುವುದಿಲ್ಲ. ನಲ್ಲಿ ನೀರು ಧಾರಾಳವಾಗಿ ಕುಡಿಯಿರಿ. ಮಧ್ಯಾಹ್ನದ ಊಟ ಹನ್ನೊಂದಕ್ಕೇ ಶುರು, ತಡ ಮಾಡಿದರೆ ಖಾಲಿ. ನೇಪಾಳಿ ಹೋಟೆಲುಗಳು ಜಾಸ್ತಿ ಇವೆ, ಅನ್ನ ಬೇಳೆಗೆ ಕೊರತೆಯಿಲ್ಲ.

ಫಿನ್ಲೆಂಡಿಗೆ ಬೇಕಾದ ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು. ಶುಲ್ಕ 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋ ಖರ್ಚು ಭರಿಸುವ ವೈದ್ಯಕೀಯ ವಿಮೆ. ಅಲ್ಲಿನ ಕಂಪನಿಯ ಆಹ್ವಾನ ಪತ್ರ ಮೊದಲೇ ತರಿಸಿಕೊಳ್ಳಿ. ವಿಮಾನಕ್ಕೆ ಕಾರಿನಲ್ಲಿ ಹೋಗುವವರು ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿದರೆ ಬೆಂಗಳೂರಿನ ಟ್ರಾಫಿಕ್ ತಪ್ಪುತ್ತದೆ. ಹೆಲ್ಸಿಂಕಿಯಲ್ಲಿ ವಿಮಾನ ನಿಲ್ದಾಣದಿಂದಲೇ ರೈಲಿದೆ, ಅರ್ಧ ಗಂಟೆಯಲ್ಲಿ ಊರ ನಡುವೆ ಇಳಿಯುತ್ತೀರಿ.

ಡಿಸೆಂಬರ್ 24ರಿಂದ 26 ಬಿಟ್ಟುಬಿಡಿ, ಕಚೇರಿಗಳೆಲ್ಲ ಬಂದ್. ದಿನಾಂಕ ನಿಮ್ಮ ಕೈಯಲ್ಲಿದ್ದರೆ ಫೆಬ್ರವರಿ ಕೊನೆಗೆ ಹೋಗಿ. ಆಗಲೂ ಹಿಮ ನೋಡಲು ಸಿಗುವುದುಂಟು, ಹಗಲು ಹತ್ತು ಗಂಟೆ ದಾಟಿರುತ್ತದೆ.