ಸಣ್ಣ ಪ್ರಾಜೆಕ್ಟ್ ಮಾಡಿ ಫ್ರಂಟ್ ಎಂಡ್ ಕಲಿಯಬಹುದಾ? ಕಲಿಯಬಹುದು, ಮುಗಿಸಿದರೆ

"ಅಕ್ಕಾ, ಕೋರ್ಸ್ ಸೇರದೆ, ಸುಮ್ನೆ ಸಣ್ಣ ಸಣ್ಣ ಪ್ರಾಜೆಕ್ಟ್ ಮಾಡ್ಕೊಂಡೇ ಫ್ರಂಟ್ ಎಂಡ್ ಕಲಿಯಬಹುದಾ?"

ಕಲಿಯಬಹುದು. ನಾನು ಫ್ರಂಟ್ ಎಂಡ್, ಅಂದರೆ ವೆಬ್ ಪುಟದಲ್ಲಿ ಕಣ್ಣಿಗೆ ಕಾಣುವ, ಒತ್ತುವ ಭಾಗ ಮಾಡುವುದನ್ನು ಕಲಿತದ್ದೂ ಹಾಗೇ. ಇಷ್ಟು ಉತ್ತರ ಸಾಕಾದರೆ ಮುಂದೆ ಓದಬೇಡಿ, ಹೋಗಿ ಏನಾದರೂ ಮಾಡಲು ಶುರು ಮಾಡಿ.

ಆದರೆ ಯಾರಿಗೂ ಇಷ್ಟು ಸಾಕಾಗುವುದಿಲ್ಲ. ಹಿಂದೆಯೇ ಇನ್ನೂ ನಾಲ್ಕು ಬರುತ್ತವೆ. ಎಷ್ಟು ತಿಂಗಳು ಬೇಕು? ಎಷ್ಟು ಪ್ರಾಜೆಕ್ಟ್ ಮಾಡಿದ್ರೆ ಕೆಲಸ ಸಿಗತ್ತೆ? ವೆಬ್ ಪುಟ ಕಟ್ಟೋ ರೆಡಿಮೇಡ್ ಸಾಧನಗಳಲ್ಲಿ ರಿಯಾಕ್ಟಾ, ಆಂಗುಲರಾ? ಈಗ ಇದೆಲ್ಲಾ ಎಐ ಮಾಡಲ್ವಾ? ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂತಾಗ ಪಕ್ಕದ ಎಲೆಯವರು ಕೇಳುತ್ತಾರೆ: "ಏನಮ್ಮಾ, ನಮ್ಮ ಹುಡುಗ ಬಿಸಿಎ ಮುಗಿಸಿದ್ದಾನೆ. ಈ ವೆಬ್‌ಸೈಟ್ ಮಾಡೋದು ಎಷ್ಟು ದಿನಕ್ಕೆ ಬರತ್ತೆ?" ಎಲೆಗೆ ಹೋಳಿಗೆ ಬೀಳುವ ಹೊತ್ತಿನಲ್ಲಿ ಇದಕ್ಕೆ ಸರಿಯಾದ ಉತ್ತರ ಕೊಡಲು ಆಗುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲಿಗೆ, "ಸುಮ್ನೆ ಸಣ್ಣ ಪ್ರಾಜೆಕ್ಟ್" ಅನ್ನುವ ಧಾಟಿ ನನಗೆ ಹಿಡಿಸುವುದಿಲ್ಲ. ಸಣ್ಣದಾಗಿದೆ ಅಂತಲೇ ಅದರಲ್ಲಿ ಕಲಿಯಲು ಆಗುವುದು. ಒಂದು ಪುಟ, ಮೂರು ಫೈಲು. ಪುಟದಲ್ಲಿ ಏನೇನಿದೆ ಅಂತ ಬರೆಯುವ ಎಚ್‌ಟಿಎಂಎಲ್ ಒಂದು, ಅದು ಹೇಗೆ ಕಾಣಬೇಕು ಅನ್ನುವ ಸಿಎಸ್‌ಎಸ್ ಒಂದು, ಒತ್ತಿದರೆ ಏನಾಗಬೇಕು ಅನ್ನುವ ಜಾವಾಸ್ಕ್ರಿಪ್ಟ್ ಒಂದು. ಏನಾದರೂ ಕೆಟ್ಟರೆ ಆ ಮೂರರೊಳಗೇ ಕೆಟ್ಟಿರಬೇಕು. ಒಂದು ಸಂಜೆ ಕೂತು ಹುಡುಕಿದರೆ ಸಿಗುತ್ತದೆ. ಮೊದಲ ವಾರವೇ ದೊಡ್ಡ ಶಾಪಿಂಗ್ ಸೈಟಿನ ನಕಲು ಮಾಡಲು ಹೊರಟವರಿಗೆ, ತಪ್ಪು ತಾವು ಬರೆದದ್ದರಲ್ಲಿದೆಯೋ, ಎಲ್ಲಿಂದಲೋ ತಂದು ಹಾಕಿಕೊಂಡ ಬೇರೆಯವರ ಕೋಡಿನ ಪ್ಯಾಕೇಜಿನಲ್ಲಿದೆಯೋ ಅಂತಲೂ ಗೊತ್ತಾಗುವುದಿಲ್ಲ.

ಎರಡನೆಯದು, ಲೆಕ್ಕ ಹಾಕುವುದು. "ಹತ್ತು ಮಾಡಿದ್ದೀನಿ ಅಕ್ಕಾ, ಇನ್ನೆಷ್ಟು?" ಅಂತ ಕೇಳುತ್ತಾರೆ. ತೋರಿಸಿದರೆ ಅದೇ ಸಾಲು: ಟು-ಡೂ ಲಿಸ್ಟ್, ಕ್ಯಾಲ್ಕುಲೇಟರ್, ಹವಾಮಾನ ತೋರಿಸುವ ಪುಟ, ಯಾವುದೋ ವಿಡಿಯೋ ಸೈಟಿನ ಮುಖಪುಟದ ನಕಲು. ಎಲ್ಲವೂ ವಿಡಿಯೋ ನೋಡುತ್ತಾ, ನಿಲ್ಲಿಸುತ್ತಾ, ಟೈಪ್ ಮಾಡಿದ್ದು. ಅದರಲ್ಲಿ ತಪ್ಪಿಲ್ಲ. ಶುರುವಿನಲ್ಲಿ ಎಲ್ಲರೂ ಹಾಗೇ ಮಾಡುವುದು. ನಾನು ಹೇಳುವುದು ಒಂದೇ: ಆ ವಿಡಿಯೋ ಮುಚ್ಚಿ, ಖಾಲಿ ಫೈಲು ತೆಗೆದು, ಅದೇ ಕ್ಯಾಲ್ಕುಲೇಟರನ್ನು ಇನ್ನೊಂದು ಸಲ ಬರೆಯಿರಿ. ಬಂದರೆ ಅದು ನಿಮ್ಮದು. ಬರದಿದ್ದರೆ ನಿಮ್ಮ ಲೆಕ್ಕದಲ್ಲಿ ಅದನ್ನು ಹಿಡಿಯಬೇಡಿ.

ಇಷ್ಟು ಜನ ಇಷ್ಟು ಕೇಳಿದ್ದಾರೆ. ಆದರೆ ಇವರಲ್ಲಿ ಒಬ್ಬರೂ ಕೇಳದ ಪ್ರಶ್ನೆ ಒಂದಿದೆ. ಒಂದು ಪ್ರಾಜೆಕ್ಟ್ ಮುಗಿಯಿತು ಅಂತ ಯಾವಾಗ ಹೇಳಬೇಕು? ನನ್ನ ಪ್ರಕಾರ ಕಲಿಕೆ ಪೂರ್ತಿ ನಿಂತಿರುವುದು ಇದರ ಮೇಲೆ. ವಿಡಿಯೋದವನ ಪ್ರಾಜೆಕ್ಟ್ ಅವನ ಲ್ಯಾಪ್‌ಟಾಪಿನಲ್ಲಿ ಒಂದು ಸಲ ಓಡಿದ ಕೂಡಲೇ ಮುಗಿಯುತ್ತದೆ. ನಿಮ್ಮದು ಅಲ್ಲಿಂದ ಶುರುವಾಗಬೇಕು.

ನಮ್ಮ ಚಿಕ್ಕಪ್ಪನ ಮಗಳ ಉದಾಹರಣೆ ಹೇಳುತ್ತೇನೆ. ಅವಳೂ ಇದೇ ಪ್ರಶ್ನೆ ಹಿಡಿದುಕೊಂಡು ಬಂದಿದ್ದಳು. ತುಮಕೂರಿನ ಮನೆಯಲ್ಲಿ ಹಾಲಿನ ಲೆಕ್ಕ ಇಡುವುದು ಗೋಡೆಯ ಕ್ಯಾಲೆಂಡರಿನ ಮೇಲೆ. ಪ್ಯಾಕೆಟ್ ಜಾಸ್ತಿ ತೆಗೆದುಕೊಂಡ ದಿನ ಒಂದು ಗೀಟು, ಬೇಡ ಅಂದ ದಿನ ಒಂದು ಸೊನ್ನೆ. ತಿಂಗಳ ಕೊನೆಗೆ ಹಾಲಿನವನಿಗೂ ಅಜ್ಜಿಗೂ ಒಂದು ಸುತ್ತು ಮಾತು. "ಇದನ್ನೇ ಮಾಡು ಕಣೇ" ಅಂದೆ. ತಿಂಗಳ ಕ್ಯಾಲೆಂಡರ್, ಪ್ರತಿ ದಿನಕ್ಕೆ ಎಷ್ಟು ಪ್ಯಾಕೆಟ್, ಕೊನೆಯಲ್ಲಿ ಒಟ್ಟು ಎಷ್ಟು ರೂಪಾಯಿ. ಅಷ್ಟೇ.

ಅವಳು ಬೇಗನೇ ಮಾಡಿದಳು. ಸಿಎಸ್‌ಎಸ್ ಗ್ರಿಡ್‌ನಲ್ಲಿ ಏಳು ಕಾಲಂ, ಒಂದನೇ ತಾರೀಖು ಯಾವ ವಾರವೋ ಆ ಕಾಲಂನಿಂದ ಶುರು. ಮೊದಲ ಪೆಟ್ಟು ಕೂಡಿಸುವುದರಲ್ಲೇ ಬಿತ್ತು. ಎರಡು ಪ್ಯಾಕೆಟ್ ಮತ್ತು ಒಂದು ಪ್ಯಾಕೆಟ್ ಸೇರಿ 21 ಆಯಿತು. ಇನ್‌ಪುಟ್ ಬಾಕ್ಸಿನಿಂದ ಬರುವುದು ಸಂಖ್ಯೆಯಲ್ಲ, ಅಕ್ಷರದ ಸಾಲು. ಅದನ್ನು ನಂಬರ್ ಆಗಿ ಬದಲಾಯಿಸದೆ ಪ್ಲಸ್ ಹಾಕಿದರೆ ಜಾವಾಸ್ಕ್ರಿಪ್ಟ್ ಪಕ್ಕಪಕ್ಕ ಅಂಟಿಸುತ್ತದೆ. ಇದನ್ನು ಅವಳು ಕ್ಲಾಸಿನಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಬರೆದೂ ಇದ್ದಳು. ಹಾಲಿನ ಲೆಕ್ಕ ತಪ್ಪಿದಾಗಲೇ ಅದು ತಲೆಯಲ್ಲಿ ಕೂತದ್ದು. ಸರಿಮಾಡಿದಳು. "ಮುಗೀತು ಅಕ್ಕಾ" ಅಂದಳು.

ಮುಗಿದಿರಲಿಲ್ಲ. ಪುಟವನ್ನು ಇಂಟರ್‌ನೆಟ್ಟಿಗೆ ಏರಿಸುವ ಗಿಟ್‌ಹಬ್ ಪೇಜಸ್‌ನಲ್ಲಿ ಉಚಿತವಾಗಿ ಹಾಕಿ, ಲಿಂಕನ್ನು ಅಜ್ಜಿಯ ಫೋನಿನಲ್ಲಿ ತೆರೆದು ಕೊಡು ಅಂದೆ. ತೆರೆದರೆ ಎಲ್ಲವೂ ಇರುವೆ ಗಾತ್ರ. ಪುಟದ ಅಗಲ ಫೋನಿನ ಅಗಲದಷ್ಟೇ ಇರಲಿ ಅಂತ ಹೇಳುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಹಾಕಿರಲಿಲ್ಲ. ಅದಿಲ್ಲದಿದ್ದರೆ ಮೊಬೈಲ್ ಬ್ರೌಸರ್, ಪುಟ ಸುಮಾರು 980 ಪಿಕ್ಸೆಲ್ ಅಗಲದ್ದು ಅಂದುಕೊಂಡು ಕುಗ್ಗಿಸಿ ತೋರಿಸುತ್ತದೆ. ಅದನ್ನು ಹಾಕಿದ ಮೇಲೆ "ಒಟ್ಟು" ಅನ್ನುವ ಪದದ ಕೆಳಗಿನ ಒತ್ತಕ್ಷರ ಅರ್ಧ ಕತ್ತರಿಸಿ ಹೋಗಿತ್ತು. ಇಂಗ್ಲಿಷ್ ಅಕ್ಷರ ನೋಡಿಕೊಂಡು ಲೈನ್ ಹೈಟ್ (ಸಾಲಿನ ಎತ್ತರ) 1 ಇಟ್ಟು, ಬಾಕ್ಸಿಗೆ ಓವರ್‌ಫ್ಲೋ ಹಿಡನ್ (ಹೊರಗೆ ಚಾಚಿದ್ದನ್ನು ಮರೆಮಾಡು) ಕೊಟ್ಟರೆ ಕನ್ನಡಕ್ಕೆ ಹೀಗೇ ಆಗುವುದು. ನಮ್ಮ ಅಕ್ಷರಕ್ಕೆ ಕೆಳಗೂ ಜಾಗ ಬೇಕು. ಇಂಗ್ಲಿಷ್ ವಿಡಿಯೋಗಳಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಏಕೆಂದರೆ ಅವರಿಗೆ ಅದು ಎದುರಾಗುವುದೇ ಇಲ್ಲ.

ಆಮೇಲೆ ಪ್ಯಾಕೆಟ್ ಸೇರಿಸಲು ಒತ್ತುವ ಪ್ಲಸ್ ಗುರುತು. ಅಜ್ಜಿ ಒಂಬತ್ತನೇ ತಾರೀಖು ಒತ್ತಿದರೆ ಹತ್ತನೇ ತಾರೀಖಿಗೆ ಬೀಳುತ್ತಿತ್ತು. ಗುಂಡಿ ಅಷ್ಟು ಚಿಕ್ಕದು. ವೆಬ್ ಪುಟ ಎಲ್ಲರೂ ಬಳಸುವಂತಿರಬೇಕು ಅಂತ ಮಾಡಿರುವ ಡಬ್ಲ್ಯುಸಿಎಜಿ 2.2 ಮಾರ್ಗಸೂಚಿ, ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಉದ್ದಗಲ ಇರಲಿ ಅನ್ನುತ್ತದೆ. ಅಜ್ಜಿಯ ಹೆಬ್ಬೆರಳಿಗೆ ಅದೂ ಸಾಲಲಿಲ್ಲ. 48 ಮಾಡಿದ ಮೇಲೆ ಸರಿಹೋಯಿತು. ಅದೇ ಕೈಯಲ್ಲಿ, ಡಿವ್‌ಗೆ, ಅಂದರೆ ಬರೀ ಖಾಲಿ ಡಬ್ಬಿಯಂಥ ಟ್ಯಾಗಿಗೆ, ಕ್ಲಿಕ್ ಅಂಟಿಸಿದ್ದನ್ನು ತೆಗೆದು ನಿಜವಾದ ಬಟನ್ ಟ್ಯಾಗ್ ಹಾಕಿಸಿದೆ. ಬಟನ್ ಆದರೆ ಕೀಬೋರ್ಡಿನಿಂದ ಒತ್ತಬಹುದು, ಕಣ್ಣು ಕಾಣದವರ ಸ್ಕ್ರೀನ್ ರೀಡರಿಗೂ ಅದು ಗುಂಡಿ ಅಂತ ತಿಳಿಯುತ್ತದೆ. ಡಿವ್‌ನಲ್ಲಿ ಇವೆರಡೂ ತಾನಾಗಿ ಬರುವುದಿಲ್ಲ.

ನನಗೆ ತುಂಬ ಇಷ್ಟವಾದ ತಪ್ಪು ಮುಂದಿನದು. ಕೆಲವು ದಿನ ಬಿಟ್ಟು ಅಜ್ಜಿ ಕೇಳಿದರು: "ಇದೇನೇ, ನಾನು ಇವತ್ತು ಒತ್ತಿದ್ದು ನಿನ್ನೆಗೆ ಹೋಗಿ ಕೂತಿದೆ?" ಇವಳು ಮಧ್ಯಾಹ್ನ ಒತ್ತಿ ನೋಡಿದಳು, ಸರಿಯಾಗಿದೆ. ರಾತ್ರಿ ನೋಡಿದಳು, ಸರಿಯಾಗಿದೆ. ಅಜ್ಜಿಗೆ ಮಾತ್ರ ತಪ್ಪು. ಅಜ್ಜಿ ಒತ್ತುವುದು ಹಾಲು ಬಂದ ಕೂಡಲೇ, ಬೆಳಗ್ಗೆ ಐದಕ್ಕೆ. ಇವತ್ತಿನ ತಾರೀಖು ಪಡೆಯಲು ಇವಳು ಟು-ಐಎಸ್‌ಒ-ಸ್ಟ್ರಿಂಗ್ ಎಂಬ ಫಂಕ್ಷನ್ ಬಳಸಿ ಮೊದಲ ಹತ್ತು ಅಕ್ಷರ ಕತ್ತರಿಸಿಕೊಂಡಿದ್ದಳು. ಎಲ್ಲಾ ಕಡೆ ಹಾಗೇ ಬರೆದಿರುತ್ತಾರೆ. ಆದರೆ ಆ ಫಂಕ್ಷನ್ ಕೊಡುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲಾ ಒಂದೇ ಆದ ಪ್ರಮಾಣ ಸಮಯ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದಿದ್ದೇವೆ. ಬೆಳಗ್ಗೆ 5.30ರ ತನಕ ಅದರ ಪಾಲಿಗೆ ಇನ್ನೂ ನಿನ್ನೆಯೇ. ಕಾರಣ ಗೊತ್ತಾದಾಗ ಅವಳ ಮುಖ ನೋಡಬೇಕಿತ್ತು. ವರ್ಷ, ತಿಂಗಳು, ದಿನವನ್ನು ಫೋನಿನ ಸ್ಥಳೀಯ ಸಮಯದಿಂದ ಬೇರೆ ಬೇರೆ ತೆಗೆದು ಜೋಡಿಸಿದಳು. ಆಗ ಜಾವಾಸ್ಕ್ರಿಪ್ಟ್‌ನಲ್ಲಿ ಜನವರಿ ಅಂದರೆ 0 ಅನ್ನುವುದೂ ಎದುರಾಯಿತು, ಒಂದು ತಿಂಗಳು ಹಿಂದೆ ಹೋಗಿ ಬಂದಳು.

ಯಾವ ಕೋರ್ಸಿನಲ್ಲಿ ಇದು ಸಿಗುತ್ತದೆ ಹೇಳಿ. ಬೆಳಗ್ಗೆ ಐದಕ್ಕೆ ಎದ್ದು ನಿಮ್ಮ ಪುಟ ಬಳಸುವ ಒಬ್ಬರು ಬೇಕು. ಅವರಿಗೆ ನಿಮ್ಮ ಕೋಡ್ ಬಗ್ಗೆ ಏನೂ ಗೊತ್ತಿರಬಾರದು, ಹಾಲಿನ ಲೆಕ್ಕ ಮಾತ್ರ ಸರಿ ಬರಬೇಕು.

ತಿಂಗಳೆಷ್ಟು ಬೇಕು ಅನ್ನುವವರಿಗೂ ಇದೇ ಪುಟದಿಂದ ಉತ್ತರ ಕೊಡುತ್ತೇನೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ಬೆಲೆ ಲೀಟರಿಗೆ 4 ರೂಪಾಯಿ ಏರಿತು. ಇವಳು ಕೋಡಿನಲ್ಲಿ ಮೇಲ್ಗಡೆ ಬರೆದಿಟ್ಟಿದ್ದ ದರವನ್ನು ಬದಲಾಯಿಸಿದಳು. ಆ ವಾರ ಹಾಲಿನವನು ಮಾರ್ಚ್ ತಿಂಗಳ ದುಡ್ಡಿಗೆ ಬಂದ. ಪುಟ ನೋಡಿದರೆ ಮಾರ್ಚ್ ತಿಂಗಳ ಒಟ್ಟು ಮೊತ್ತವೂ ಏರಿ ಕೂತಿತ್ತು! ದಿನಕ್ಕೆ ಎಷ್ಟು ಪ್ಯಾಕೆಟ್ ಅಂತ ಮಾತ್ರ ಉಳಿಸಿದ್ದಳು, ಆ ದಿನದ ದರ ಉಳಿಸಿರಲಿಲ್ಲ. ದರ ಒಂದೇ ಕಡೆ ಇದ್ದದ್ದರಿಂದ ಹಳೆಯ ತಿಂಗಳೆಲ್ಲಾ ಹೊಸ ದರಕ್ಕೆ ತಿರುಗಿದವು. ಕೂತು ಯೋಚಿಸಿ, ಪ್ರತಿ ದಿನದ ಜೊತೆ ಆ ದಿನದ ದರವನ್ನೂ ಬರೆದಿಡುವ ಹಾಗೆ ಬದಲಾಯಿಸಿದಳು. ಯಾವುದನ್ನು ಉಳಿಸಬೇಕು, ಯಾವುದನ್ನು ಲೆಕ್ಕ ಹಾಕಿ ತೋರಿಸಬೇಕು ಅನ್ನುವ ಪಾಠ ಇದು. ಬಿಲ್ ಮಾಡುವ ದೊಡ್ಡ ಸಾಫ್ಟ್‌ವೇರ್‌ಗಳಲ್ಲೂ ಇದೇ ಪಾಠ. ಏಪ್ರಿಲ್ ಬಂದಾಗಲೇ ಅದು ಬಂತು. 45 ದಿನದ ಕೋರ್ಸಿನೊಳಗೆ ಬೆಲೆ ಏರಿಕೆಯನ್ನು ಎಳೆದು ತರಲು ಆಗುವುದಿಲ್ಲ. ಹಾಗಾಗಿ ತಿಂಗಳ ಲೆಕ್ಕ ಕೇಳಬೇಡಿ. ಬೇಗ ಶುರು ಮಾಡಿ, ಮಾಡಿದ್ದನ್ನು ಬಳಕೆಯಲ್ಲಿಡಿ, ಜೊತೆಗೆ ಮುಂದಿನದನ್ನು ಮಾಡುತ್ತಿರಿ.

ಉಳಿದ ಪ್ರಶ್ನೆಗಳಿಗೆ ಬೇಗ ಬೇಗ ಹೇಳಿಬಿಡುತ್ತೇನೆ.

ರಿಯಾಕ್ಟಾ, ಆಂಗುಲರಾ? ಹಾಲಿನ ಲೆಕ್ಕದ ಪುಟಕ್ಕೆ ಎರಡೂ ಬೇಡ. 2006ರಲ್ಲಿ, ಜಾವಾಸ್ಕ್ರಿಪ್ಟ್ ಬರೆಯುವುದನ್ನು ಸುಲಭ ಮಾಡುವ ಜೆಕ್ವೆರಿ ಬಂತು, ಬಹಳ ವರ್ಷ ಅದು ಬರದಿದ್ದರೆ ಕೆಲಸವಿಲ್ಲ ಅನ್ನುತ್ತಿದ್ದರು. 2013ರಲ್ಲಿ ರಿಯಾಕ್ಟ್ ಹೊರಬಂತು, ಈಗ ಎಲ್ಲರೂ ಅದರ ಹೆಸರು ಹೇಳುತ್ತಾರೆ. ಬ್ರೌಸರಿಗೆ ಕೊನೆಗೂ ತಲುಪುವುದು ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್. ಒಂದು ಪುಟವನ್ನು ಬರೀ ಈ ಮೂರರಲ್ಲಿ ಪೂರ್ತಿ ಮುಗಿಸಿ. ಅದು ಬೆಳೆದು, ಒಂದು ಕಡೆ ಬದಲಾಯಿಸಿದ್ದು ಇನ್ನೊಂದು ಕಡೆ ಬದಲಾಗದೆ ತಲೆನೋವು ಶುರುವಾಗುತ್ತದಲ್ಲ, ಆಗ ರಿಯಾಕ್ಟ್ ಕಲಿಯಿರಿ. ಅದು ಯಾವ ನೋವಿಗೆ ಔಷಧಿ ಅಂತ ಅಷ್ಟು ಹೊತ್ತಿಗೆ ನಿಮಗೇ ಗೊತ್ತಿರುತ್ತದೆ.

ಎಐ? ಹಾಲಿನ ಪುಟವನ್ನು ಅದು ಒಂದು ನಿಮಿಷದಲ್ಲಿ ಬರೆದುಕೊಡುತ್ತದೆ. ಬಳಸಿ, ನಾನೂ ಬಳಸುತ್ತೇನೆ. ಆದರೆ ಅದು ಬರೆದ ಪುಟವನ್ನೂ ಬೆಳಗ್ಗೆ ಐದಕ್ಕೆ ಅಜ್ಜಿಯೇ ಒತ್ತುವುದು. ಆಗ ತಾರೀಖು ಯಾಕೆ ತಪ್ಪಿತು ಅಂತ ಹುಡುಕಲು, ಇಲ್ಲವೇ ಅದನ್ನೇ ಸರಿಯಾಗಿ ಕೇಳಲು, ಒಂದು ಸಲವಾದರೂ ನೀವೇ ಹುಡುಕಿ ಗೊತ್ತಿರಬೇಕು. ಕಲಿಯುವ ದಿನಗಳಲ್ಲಿ ಮೊದಲು ನೀವು ಬರೆಯಿರಿ, ಆಮೇಲೆ ಅದಕ್ಕೆ ತೋರಿಸಿ.

ಕೋರ್ಸು ಬೇಡವೇ ಬೇಡವಾ ಅಂದರೆ, ಹಾಗೇನಿಲ್ಲ. ಫ್ರೀಕೋಡ್‌ಕ್ಯಾಂಪ್, ದಿ ಓಡಿನ್ ಪ್ರಾಜೆಕ್ಟ್ ಎರಡೂ ಉಚಿತ. ಅನುಮಾನ ಬಂದಾಗ ನೋಡಲು ಎಂಡಿಎನ್ ಎಂಬ ಕೈಪಿಡಿ ಸೈಟ್ ಇದೆ, 2005ರಿಂದ ಇದೆ, ನಾನು ಇವತ್ತಿಗೂ ದಿನಾ ತೆರೆಯುತ್ತೇನೆ. ಒಂದು ವಿಷಯ ಮಾತ್ರ ಮನಸ್ಸಿಗೆ ಚುಚ್ಚುತ್ತದೆ. ಇವೆಲ್ಲ ಕನ್ನಡದಲ್ಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಹುಡುಗಿಯರು ಬ್ರೌಸರ್ ತಪ್ಪುಗಳನ್ನು ತೋರಿಸುವ ಕನ್ಸೋಲಿನಲ್ಲಿ ಕೆಂಪು ಅಕ್ಷರ ಕಂಡ ಕೂಡಲೇ ಗಾಬರಿಯಾಗುತ್ತಾರೆ, ತಮಗೆ ಬುದ್ಧಿ ಸಾಲದು ಅಂದುಕೊಳ್ಳುತ್ತಾರೆ. ಬುದ್ಧಿಯ ಮಾತೇ ಅಲ್ಲ ಅದು. "ಕೆನಾಟ್ ರೀಡ್ ಪ್ರಾಪರ್ಟೀಸ್ ಆಫ್ ನಲ್" ಅಂತ ಬಂದರೆ ಹೆಚ್ಚಿನ ಸಲ ಅರ್ಥ ಇಷ್ಟೇ: ನೀನು ಹುಡುಕಿದ ಬಟನ್ ನನಗೆ ಸಿಗಲಿಲ್ಲ. ಬಟನ್‌ಗೆ ಕೊಟ್ಟ ಹೆಸರು, ಅಂದರೆ ಐಡಿ, ತಪ್ಪು ಬರೆದಿರುತ್ತೀರಿ, ಇಲ್ಲವೇ ಪುಟ ಪೂರ್ತಿ ಬರುವ ಮೊದಲೇ ಸ್ಕ್ರಿಪ್ಟ್ ಓಡಿರುತ್ತದೆ. ಸ್ಕ್ರಿಪ್ಟ್ ಟ್ಯಾಗಿಗೆ ಡಿಫರ್ (ಪುಟ ಬಂದ ಮೇಲೆ ಓಡು) ಸೇರಿಸಿದರೆ ಎರಡನೆಯದು ಸರಿಹೋಗುತ್ತದೆ. ಇಂಥ ಸಂದೇಶ ಬಂದಾಗಲೆಲ್ಲಾ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ ಬರೆದುಕೊಳ್ಳಿ. ಬಂದದ್ದೇ ಮತ್ತೆ ಮತ್ತೆ ಬರುತ್ತದೆ. ಕೆಲವೇ ಪುಟದಲ್ಲಿ ಹೆದರಿಕೆ ಹೋಗುತ್ತದೆ.

ಇನ್ನು ಕೆಲಸದ ಮಾತು. ಇಷ್ಟು ಮಾಡಿದರೆ ಕೆಲಸ ಸಿಕ್ಕೇ ಸಿಗುತ್ತದೆ ಅಂತ ನಾನು ಹೇಳಲಾರೆ, ಹೇಳುವವರನ್ನು ನಂಬಲೂಬೇಡಿ. ನಾನು ಇಂಟರ್‌ವ್ಯೂ ಮಾಡುವಾಗ ಏನು ನೋಡುತ್ತೇನೆ ಅಂತ ಹೇಳಬಲ್ಲೆ. ರೆಸ್ಯೂಮಿನಲ್ಲಿ ಹತ್ತು ಪ್ರಾಜೆಕ್ಟ್ ಇದ್ದರೆ ಒಂದನ್ನು ಆರಿಸಿ ಅನ್ನುತ್ತೇನೆ. ಇದನ್ನು ನೀವಲ್ಲದೆ ಬೇರೆ ಯಾರು ಬಳಸಿದರು? ಎಲ್ಲಿ ಕೆಟ್ಟಿತು? ಹೇಗೆ ಗೊತ್ತಾಯಿತು? ಸರಿಮಾಡಿದ್ದನ್ನು ತೋರಿಸಿ. ಬೆಲೆ ಏರಿದಾಗ ಮಾರ್ಚ್ ತಿಂಗಳ ಲೆಕ್ಕ ಬದಲಾದ ಕಥೆಯನ್ನು ಒಬ್ಬ ಹೊಸಬರು ನನ್ನೆದುರು ಹೇಳಿದರೆ, ನಾನು ಉಳಿದ ಒಂಬತ್ತು ಪ್ರಾಜೆಕ್ಟ್ ಬಗ್ಗೆ ಕೇಳುವುದೇ ಇಲ್ಲ.