ಗಾಂಧಾರ ನಮ್ಮ ಸಾಲಿನಲ್ಲಿತ್ತು

ಮೊದಲ ದಿನ ಬೆಳಗಿನ ಅಭ್ಯಾಸಕ್ಕೆ ಕೂತ ಕೂಡಲೇ ಹಾಡು ನಡೆಸುವ ಕಂಡಕ್ಟರ್ ಕೇಳಿದ್ದು ಒಂದೇ ಮಾತು. "ಎಲ್ಲರ ಹತ್ತಿರ ಪೆನ್ಸಿಲ್ ಇದೆಯಾ?" ನನ್ನ ಹತ್ತಿರ ಇರಲಿಲ್ಲ. ಪಕ್ಕದಲ್ಲಿದ್ದ ಹಿರಿಯ ಹೆಂಗಸು ಚೀಲದಿಂದ ಒಂದು ತೆಗೆದು ಕೊಟ್ಟರು.

ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಹಳ್ಳಿಗಾಡಿನಲ್ಲಿ, ಡಾರ್ಟಿಂಗ್ಟನ್ ಹಾಲ್‌ನಲ್ಲಿ ನಡೆಯುತ್ತಿದ್ದ ಬೇಸಿಗೆ ಸಂಗೀತ ಶಾಲೆ ಅದು. ನಾನು ಹೋಗಿ ಕೆಲವು ವರ್ಷಗಳಾದವು. ಒಂದು ವಾರ ಅಲ್ಲೇ ಉಳಿದು ಹಾಡಬಹುದಿತ್ತು, ನುಡಿಸಬಹುದಿತ್ತು. ರಾತ್ರಿ ಕಛೇರಿ ಕೊಟ್ಟ ಕಲಾವಿದರು ಬೆಳಿಗ್ಗೆ ನಮ್ಮ ಜೊತೆಗೇ ತಿಂಡಿಗೆ ಸಾಲಿನಲ್ಲಿ ನಿಲ್ಲುತ್ತಿದ್ದರು. ಈ ಶಾಲೆ 1948ರಲ್ಲಿ ಬ್ರಯನ್‌ಸ್ಟನ್ ಎಂಬಲ್ಲಿ ಶುರುವಾಗಿ, 1953ರಲ್ಲಿ ಡಾರ್ಟಿಂಗ್ಟನ್‌ಗೆ ಬಂತು. 1957ರಲ್ಲಿ ಹೆಸರಾಂತ ಸಂಗೀತ ಸಂಯೋಜಕ ಸ್ಟ್ರಾವಿನ್‌ಸ್ಕಿ ಕೂಡ ಬಂದಿದ್ದರು.

ಆದರೆ ನನ್ನನ್ನು ಅಲ್ಲಿಗೆ ಎಳೆದದ್ದು ಆ ಜಾಗದ ಕಥೆ. ಲಿಯೊನಾರ್ಡ್ ಎಲ್ಮ್‌ಹರ್ಸ್ಟ್ ಅಂತ ಒಬ್ಬರು 1922ರಲ್ಲಿ ಟ್ಯಾಗೋರರ ಜೊತೆ ಶ್ರೀನಿಕೇತನ ಎಂಬ ಗ್ರಾಮೋದ್ಧಾರದ ಸಂಸ್ಥೆಯನ್ನು ಕಟ್ಟಿದವರು. ಅವರೂ ಅವರ ಹೆಂಡತಿ ಡೊರೊತಿಯೂ 1925ರಲ್ಲಿ ಈ ಎಸ್ಟೇಟ್ ಕೊಂಡರು. 14ನೇ ಶತಮಾನದ ಕೊನೆಗೆ ಕಟ್ಟಿದ ದೊಡ್ಡ ಹಾಲಿಗೆ ಆಗ ಚಾವಣಿಯೇ ಇರಲಿಲ್ಲ, ಬರೀ ಗೋಡೆಗಳು. ಅವರು ಅದಕ್ಕೆ ಮತ್ತೆ ಓಕ್ ಮರದ ಚಾವಣಿ ಹಾಕಿಸಿದರು. ನಾವು ಹಾಡಿದ್ದು ಅದರ ಕೆಳಗೇ.

ನಾನು ಚಿಕ್ಕಂದಿನಿಂದ ಕಲಿತದ್ದು ಕರ್ನಾಟಕ ಸಂಗೀತ. ಕಾಯರ್‌ನಲ್ಲಿ, ಅಂದರೆ ಹಲವು ದನಿಗಳು ಬೇರೆ ಬೇರೆ ಸ್ವರದಲ್ಲಿ ಸೇರಿ ಹಾಡುವ ವೃಂದದಲ್ಲಿ, ಹಾಡಿದ್ದು ಅದೇ ಮೊದಲು. ನನ್ನನ್ನು ಆಲ್ಟೊ ಸಾಲಿಗೆ ಹಾಕಿದರು, ಅಂದರೆ ಹೆಂಗಸರ ದನಿಗಳಲ್ಲಿ ಕೆಳಗಿನದು. ಇಂಪಾದ ಧಾಟಿಯೆಲ್ಲ ಮೇಲಿನ ಸೊಪ್ರಾನೊಗಳಿಗೆ. ನಮಗೆ ಒಂದೊಂದು ಪುಟದಲ್ಲಿ ಮೂರೋ ನಾಲ್ಕೋ ಸ್ವರ, ಅದನ್ನೇ ಹಿಡಿದು ನಿಲ್ಲಬೇಕು. ಹಿಂದೆ ತಂಬೂರಿ ಇಲ್ಲ. ಶ್ರುತಿಗೆ ಪಕ್ಕದವರ ದನಿಯೇ ಗತಿ. ನಿಂತ ಸ್ವರ ನನ್ನ ಗಂಟಲಲ್ಲಿ ತಾನಾಗಿ ಅಲುಗಾಡುತ್ತಿತ್ತು. ಇಷ್ಟು ವರ್ಷ ಕಲಿತದ್ದೇ ಸ್ವರವನ್ನು ಅಲುಗಿಸುವ ಗಮಕ ಅಲ್ವಾ! ಪಕ್ಕದ ಹೆಂಗಸು ಏನೂ ಹೇಳಲಿಲ್ಲ. ನನ್ನ ಹಾಳೆಯಲ್ಲಿ ಆ ಸ್ವರದ ಮೇಲೆ ಪೆನ್ಸಿಲಿನಿಂದ ಉದ್ದಕ್ಕೆ ಒಂದು ನೇರ ಗೆರೆ ಎಳೆದರು.

ಮಧ್ಯಾಹ್ನ ತೋಟಕ್ಕೆ ಹೋಗುತ್ತಿದ್ದೆ. ಅಲ್ಲಿ ಹೆನ್ರಿ ಮೂರ್ ಕೆತ್ತಿದ, ಒರಗಿ ಮಲಗಿದ ಹೆಂಗಸಿನ ಶಿಲ್ಪ ಇದೆ. ಅದರ ಹತ್ತಿರ ನಿಂತು ನನ್ನ ಮೂರು ಸ್ವರಗಳನ್ನು ಹಾಡಿಕೊಳ್ಳುತ್ತಿದ್ದೆ. ಒಂಟಿಯಾಗಿ ಹಾಡಿದರೆ ಅದರಲ್ಲಿ ಏನೂ ಇರಲಿಲ್ಲ. ಬುಧವಾರದ ಹೊತ್ತಿಗೆ ಬೇಸರ ಬಂದಿತ್ತು. ಇಷ್ಟಕ್ಕೆ ಇಷ್ಟು ದೂರ ಬರಬೇಕಿತ್ತಾ ಅನ್ನಿಸಿತ್ತು.

ಗುರುವಾರ ಬೆಳಿಗ್ಗೆ ಒಂದು ಕಡೆ ಕಂಡಕ್ಟರ್ ಹಾಡು ನಿಲ್ಲಿಸಿ, "ಆಲ್ಟೊಗಳು ಸುಮ್ನೆ ಕೇಳಿ" ಅಂದರು. ಉಳಿದವರು ಹಾಡಿದರು. ನಾದ ದೊಡ್ಡದಾಗಿಯೇ ಇತ್ತು, ಆದರೆ ಒಳಗೆ ಖಾಲಿ. ಸಂತೋಷವೋ ದುಃಖವೋ ಗೊತ್ತಾಗುತ್ತಿರಲಿಲ್ಲ. ಆಗ ಹೊಳೆಯಿತು: ಅಲ್ಲಿ ಷಡ್ಜ (ಸ) ಇದೆ, ಪಂಚಮ (ಪ) ಇದೆ, ನಡುವಿನ ಗಾಂಧಾರ (ಗ) ಇಲ್ಲ. ಅದು ನಮ್ಮ ಹತ್ತಿರ ಇತ್ತು. ಕಂಡಕ್ಟರ್ ನಮ್ಮ ಕಡೆ ಕೈ ತೋರಿಸಿದರು. ನಾವು ಸೇರಿದೆವು. ಅಂತರ ಗಾಂಧಾರ, ಎರಡು ಗಾಂಧಾರಗಳಲ್ಲಿ ಮೇಲಿನದು. ಇಡೀ ಹಾಲಿಗೆ ಬೆಳಕು ಬಿದ್ದ ಹಾಗಾಯಿತು. ಎರಡು ಸಾಲು ಮುಂದೆ ಅದೇ ಷಡ್ಜ ಪಂಚಮದ ನಡುವೆ ನಾವು ಕೆಳಗಿನದಕ್ಕೆ, ಸಾಧಾರಣ ಗಾಂಧಾರಕ್ಕೆ ಇಳಿಯಬೇಕು. ಇಳಿದೆವು, ಎಲ್ಲರ ಹಾಡೂ ಮಂಕಾಯಿತು. ಉಳಿದವರು ಇದ್ದ ಸ್ವರ ಬಿಟ್ಟು ಕದಲಿರಲೇ ಇಲ್ಲ.

ನನಗೆ ಹತ್ತು ವರ್ಷವಿದ್ದಾಗ ಮೇಷ್ಟ್ರು ತಂಬೂರಿಗೆ ಕಿವಿಯಿಟ್ಟು ಕೇಳು ಅನ್ನುತ್ತಿದ್ದರು. ತಂತಿ ಇರುವುದು ಪಂಚಮಕ್ಕೂ ಷಡ್ಜಕ್ಕೂ ಮಾತ್ರ. ಶ್ರುತಿ ಸರಿಯಾಗಿ ಸೇರಿದರೆ ಯಾರೂ ಮೀಟದ ಅಂತರ ಗಾಂಧಾರ ಅದರೊಳಗಿಂದ ತಾನೇ ಕೇಳುತ್ತದೆ. "ಕೇಳಿಸ್ತಾ?" ಅಂತ ಕೇಳಿದರೆ "ಹೂಂ" ಅನ್ನುತ್ತಿದ್ದೆ. ನಿಜಕ್ಕೂ ಕೇಳಿಸುತ್ತಿರಲಿಲ್ಲ. ಹೇಳುವುದಕ್ಕೆ ಹೆದರಿಕೆ.

ವಾರದ ಕೊನೆಯ ಸಂಜೆ ಹಾಲ್ ತುಂಬಿತ್ತು. ಆ ಜಾಗ ಬಂದಾಗ ನಾನು ಹಾಳೆ ನೋಡಲಿಲ್ಲ. ಕೆಳಗಿನ ಬಾಸ್ ದನಿಗಳ ಷಡ್ಜ ಕೇಳುತ್ತಿತ್ತು, ಪಂಚಮ ಕೇಳುತ್ತಿತ್ತು. ಬಾಯಿ ತೆರೆಯುವ ಮೊದಲೇ ಅವೆರಡರ ನಡುವೆ ನನ್ನ ಸ್ವರ ಸಣ್ಣಗೆ, ಸ್ಪಷ್ಟವಾಗಿ ಕೇಳಿಸಿತು. ಅದರ ಮೇಲೇ ಹಾಡಿದೆ, ಅಲುಗಾಡದೆ.